ಕನ್ನಡ ಪಿನ್ನೆ ವರುಂ

ಮೇಲ್ಮಟ್ಟದ ಚಿಂತನೆಯ ಉಸ್ತುವಾರಿ ಹೊತ್ತ ಮಹನೀಯರೇ,

ಕಾಸರಗೋಡಿನ ಪುತ್ತಿಗೆಯ ಒಬ್ಬ ಕನ್ನಡ ಮಾಧ್ಯಮ ಮಾಷ್ಟ್ರ ಬರೆಯುವುದು. ಇವತ್ತು ಶನಿವಾರ, ನಿಮ್ಮ ತರಬೇತಿ ಮುಗಿಸಿ ಸೀತಾಂಗೋಳಿಯಲ್ಲಿ ಬಸ್ಸಿಳಿದು, ಮನೆಗೆ ನಡೆದು, ಕಾಲು ತೊಳೆದು ಕೂತದ್ದೇ ಇದನ್ನು ಶುರು ಮಾಡಿದೆ. ಭಾಷೆ ಸ್ವಲ್ಪ ಬಿಸಿ ಇದ್ದೀತು, ಆರಿಸಿಕೊಂಡು ಓದಿ.

ಹತ್ತು ಗಂಟೆಗೆ ಅಂದಿದ್ದಿರಿ. ಪ್ರೊಜೆಕ್ಟರು ಹನ್ನೊಂದೂವರೆಗೆ ಉರಿಯಿತು. ಅಷ್ಟರವರೆಗೆ ನಾವು ಗೋಡೆ ನೋಡುತ್ತಾ ಕೆಳಮಟ್ಟದ ಚಿಂತನೆ ಮಾಡಿದೆವು: ಚಾಯ ಉಂಟೋ ಇಲ್ಲವೋ.

ಆಮೇಲೆ ಚಿಂತನೆಯ ಏಣಿ ಬಂತು. ನೆನಪು, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ. ಅಮೆರಿಕದ ಬೆಂಜಮಿನ್ ಬ್ಲೂಮ್ 1956ರಲ್ಲಿ ನಿಲ್ಲಿಸಿದ್ದು. 2001ರಲ್ಲಿ ಬೇರೆಯವರು ಮೇಲಿನೆರಡು ಮೆಟ್ಟಿಲು ಅದಲುಬದಲು ಮಾಡಿದರು. ನಮ್ಮನ್ನು ಕೇರಳಕ್ಕೆ ಸೇರಿಸಿದ್ದೂ ಅದೇ 1956ರಲ್ಲಿ, ನವೆಂಬರ್ 1ಕ್ಕೆ. ಏಣಿ ಅಷ್ಟು ದೂರದಿಂದ ನಮ್ಮವರೆಗೆ ಬಂತು, ಅದರ ಕನ್ನಡ ಕೈಪಿಡಿ ಮಾತ್ರ ಬರಲಿಲ್ಲ. ಕೇಳಿದೆ. ಕೈಪಿಡಿಯ ಕಟ್ಟು ಬಿಚ್ಚುತ್ತಿದ್ದವರು ತಲೆ ಎತ್ತದೆ ಹೇಳಿದರು, ‘ಕನ್ನಡ ಪಿನ್ನೆ ವರುಂ.’ ಆಮೇಲೆ ಬರುತ್ತದಂತೆ.

ಈ ‘ಪಿನ್ನೆ’ ಎಷ್ಟು ಉದ್ದ ಸಾರ್? ಚಂದ್ರಗಿರಿ ಹೊಳೆಯ ಬಡಗು ಬದಿ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ್ ಆಯೋಗ ಹೇಳಿದ್ದು 1967ರಲ್ಲಿ. ಅದೂ ಪಿನ್ನೆ ವರುಂ. ನಾನು ಹೊಳೆ ಕೇಳಲಿಲ್ಲ, ಗಡಿ ಕೇಳಲಿಲ್ಲ. ಒಂದು ಪುಸ್ತಕ ಕೇಳಿದೆ, ನಲವತ್ತು ಪುಟದ್ದು.

ಹೋದ ವರ್ಷದ ಕತೆ ಹೇಳುತ್ತೇನೆ. ನಿಮ್ಮ ಚಟುವಟಿಕೆ ಹಾಳೆಯಲ್ಲಿ ಅಡಿಕೆ ಕೃಷಿಯ ವಿಷಯ, ಕೊನೆಯಲ್ಲಿ ‘ವಿಲಯಿರುತ್ತುಕ’. ಮೌಲ್ಯಮಾಪನ ಮಾಡಿ ಎಂದರ್ಥ, ಏಣಿಯ ಐದನೇ ಮೆಟ್ಟಿಲು. ಕನ್ನಡ ಪಿನ್ನೆ ಬರುವುದಲ್ಲವೇ, ರಾತ್ರಿ ಕೂತು ನಾನೇ ತಿರುಗಿಸಿದೆ. ಮಲಯಾಳದ ‘ವಿಲ’ ನಮ್ಮ ಬೆಲೆ. ನಿದ್ದೆಗಣ್ಣಲ್ಲಿ ‘ಬೆಲೆ ಕಟ್ಟಿರಿ’ ಅಂತ ಬರೆದುಬಿಟ್ಟೆ. ಬೆಳಿಗ್ಗೆ ಮೂರನೇ ಬೆಂಚಿನವ ಎದ್ದು ನಿಂತು ಕೇಳಿದ, ‘ಹೊಸ ಅಡಿಕೆಗೋ ಹಳತಕ್ಕೋ ಮಾಷ್ಟ್ರೇ?’

ತಪ್ಪು ನನ್ನದೇ. ಆದರೆ ‘ಉಪನ್ಯಾಸಂ’ ಎಂದರೆ ಮಲಯಾಳದಲ್ಲಿ ಪ್ರಬಂಧ. ಅದೇ ಕನ್ನಡ ಹಾಳೆಗೆ ‘ಉಪನ್ಯಾಸ ತಯಾರಿಸಿ’ ಎಂದು ಇಳಿದರೆ ಮಗು ಪೆನ್ನು ಕೆಳಗಿಟ್ಟು ಭಾಷಣಕ್ಕೆ ನಿಲ್ಲಬೇಕಷ್ಟೆ. ಪ್ರಶ್ನೆಯೇ ತಲೆಗೆ ಹೋಗದವನಿಗೆ ವಿಶ್ಲೇಷಣೆ ಎಲ್ಲಿಂದ?

ನಮ್ಮ ಮಕ್ಕಳಿಗೆ ಯೋಚಿಸಲು ಬರುವುದಿಲ್ಲ ಎಂದು ನಿಮಗೆ ಯಾರು ಹೇಳಿದ್ದು? ಕಳೆದ ಮಳೆಗಾಲದಲ್ಲಿ ಏಳನೇ ಕ್ಲಾಸಿನ ಒಬ್ಬ ತಡವಾಗಿ ಬಂದ. ಅಂಗಿ ತುಂಬ ನೀಲಿ ಕಲೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ದಿನ, ಅಪ್ಪನೊಂದಿಗೆ ಕೈ ಜೋಡಿಸಿ ಬಂದಿದ್ದ. ಹೇಗೆ ಮಾಡುವುದು ಅಂದೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕದಡಿ ಆಮೇಲೆ ಕೂಡಿಸುವುದು. ಸರಿಯಾಯಿತೆಂದು ಹೇಗೆ ಗೊತ್ತು? ‘ಕತ್ತಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುವುದು. ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು.’ ಸುಣ್ಣ ಕಮ್ಮಿಯಾದರೆ ಏನಾಗುತ್ತದೆಂದು ನಾನು ಕೇಳುವ ಮೊದಲೇ, ಎಳೆ ಕಾಯಿ ಸುಡುತ್ತದೆ ಅಂದ. ನಿಮ್ಮ ಏಣಿಯ ಐದು ಮೆಟ್ಟಿಲನ್ನು ಅವ ಚಪ್ಪಲಿ ಕಳಚದೆ ಹತ್ತಿದ. ಹತ್ತಿದ್ದು ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ.

ಅವನೆದುರು ಕನ್ನಡ ಬಾರದವರನ್ನು ತಂದು ನಿಲ್ಲಿಸಿ ನೋಡಿ. ಈ ಜಿಲ್ಲೆಯ ಕನ್ನಡ ಮಾಧ್ಯಮ ತರಗತಿಗಳಿಗೆ ಅಂಥವರು ನೇಮಕವಾಗಿ ಬರುವುದೂ, ಮಕ್ಕಳು, ಹೆತ್ತವರು ಗೇಟಿನ ಹೊರಗೆ ಧರಣಿ ಕೂರುವುದೂ ನಿಮಗೆ ಗೊತ್ತಿಲ್ಲದ್ದಲ್ಲ. ಹುಡುಗ ಕತ್ತಿಯ ಕತೆ ಹೇಳುತ್ತಾನೆ, ಆ ಸಾರ್ ಪಾಪ, ನಗುತ್ತಾ ತಲೆಯಾಡಿಸುತ್ತಾರೆ. ಅವರಿಗೂ ಶಿಕ್ಷೆ, ಇವನಿಗೂ ಶಿಕ್ಷೆ. ಇದನ್ನು ವಿಡಂಬನೆ ಮಾಡುವ ತಾಳ್ಮೆ ನನಗೆ ಇಲ್ಲ. ಇದು ಅನ್ಯಾಯ, ಅಷ್ಟೆ.

ಹೊರಡುವಾಗ ಅಭಿಪ್ರಾಯ ಬರೆಯಲು ಒಂದು ಫಾರಂ ಕೊಟ್ಟಿರಿ. ಮಲಯಾಳದಲ್ಲಿತ್ತು. ನಾನು ಕನ್ನಡದಲ್ಲಿ, ಎರಡೂ ಬದಿ, ಒತ್ತೊತ್ತಾಗಿ ತುಂಬಿಸಿ ಕೊಟ್ಟಿದ್ದೇನೆ. ಓದಲು ಬರುವವರು ಪಿನ್ನೆ ವರುಂ.

ಇತಿ,
ಪುತ್ತಿಗೆಯ ಮಾಷ್ಟ್ರ

ತಾ.ಕ.: ಚಾಯ ಬಂತು. ಸಕ್ಕರೆ ಪಿನ್ನೆ.