ಬಸಣ್ಣ ಒಳಗ ಹೆಂಗ ಬಂದ?

ಮಕ್ಕಳ ಕತೆ ಬರೆಯೋರಿಗೆ ಸ್ಫೂರ್ತಿ ಎಲ್ಲಿ ಸಿಗುತ್ತೆ? ಬ್ರೌನಿಂಗ್ ಕವಿ ಹಾಡಿದ ಜರ್ಮನಿಯ ಹ್ಯಾಮೆಲಿನ್ ಇಲಿಗಳನ್ನು ಕುವೆಂಪು ತುಂಗೆಯ ದಡಕ್ಕೆ ತಂದು ಬಿಟ್ಟರು. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಹುಟ್ಟಿತು. ನಮ್ಮ ಮನೆಯಲ್ಲೂ ಇಲಿಗೇನು ಬರವಿಲ್ಲ, ಬರ ಇರೋದು ಕವಿತೆಗೆ.

ಪೆನ್ನು, ಹಾಳೆ ಹಿಡಿದು ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಗೆ ಹೋಗಿ ಕೂತೆ. ಸ್ಫೂರ್ತಿ ಬರಲಿಲ್ಲ, ತೂಕಡಿಕೆ ಬಂತು. ಮೊಮ್ಮಗಳು ತೋಳು ಜಗ್ಗಿದಳು.

“ತಾತಾ, ಇಷ್ಟು ದೊಡ್ಡ ಬಸಣ್ಣ ಈ ಬಾಗಲಾಗ ಹೆಂಗ ಬಂದ?”

“ಕರು ಇದ್ದಾಗ ಬಂದಿರಬೇಕವ್ವಾ.”

“ಹಂಗಾರ ಹೊರಗ ಹೆಂಗ ಹೋಗ್ತಾನ? ಪಾಪ, ಹುಲ್ಲು ಯಾರು ಹಾಕ್ತಾರ?”

ಆಹಾ, ಕತೆ ಸಿಕ್ಕಿತು! ಬರೆಯೋಣವೆಂದರೆ ಪೆನ್ನು ಅವಳ ಕೈಯಲ್ಲಿ. ನನ್ನ ಹಾಳೆಯ ತುಂಬ ಆಗಲೇ ಹುಲ್ಲು ಬೆಳೆದಿತ್ತು.