ಮನೋಭಾವಾಧಾರಕ ಪಶು ಪ್ರಮಾಣೀಕರಣ: ತೊಗರ್ಸಿ ಸೀಮೆಯ ಹೋರಿಗೆ ಅನ್ವಯಿಸಿ ಒಂದು ಪರಿಕಲ್ಪನಾತ್ಮಕ ಶೋಧ

ಪ್ರಸ್ತುತ ಪ್ರಬಂಧದ ಸಂಶೋಧನಾ ಸಮಸ್ಯೆ ಇಂತಿದೆ. ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಿಂದ ಬೆಂಗಳೂರಿಗೆ ವಲಸೆ ಬಂದ ವ್ಯಕ್ತಿಯೊಬ್ಬ, ‘ಸಾಕುಪ್ರಾಣಿಗಳಿಗೆ ಅವಕಾಶವಿಲ್ಲ’ ಎಂದು ಬರೆದ ಅಪಾರ್ಟ್‌ಮೆಂಟಿನಲ್ಲಿ ನಾಯಿ, ಬೆಕ್ಕು ಅಥವಾ ತಾತ್ವಿಕ ನೆಲೆಯಲ್ಲಿ ಹೋರಿಯೊಂದಿಗೆ ವಾಸಿಸಬೇಕಾದರೆ, ಎಷ್ಟು ಪ್ರಮಾಣದ ದುಃಖವನ್ನು, ಯಾರ ಮೊಹರಿನೊಂದಿಗೆ, ಎಷ್ಟು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು? ಎಮೋಷನಲ್ ಸಪೋರ್ಟ್ ಅನಿಮಲ್ ಎಂದು ಅಮೆರಿಕದಲ್ಲಿ ಕರೆಸಿಕೊಳ್ಳುವ ಜೀವಿಯನ್ನು ಇಲ್ಲಿ ‘ಮನೋಭಾವಾಧಾರಕ ಪಶು’, ಸಂಕ್ಷೇಪವಾಗಿ ಮ.ಭಾ.ಪ., ಎಂದು ನಾಮಕರಣ ಮಾಡಲಾಗಿದೆ. ಇನ್ನೂ ಸರಳವಾದ ಹೆಸರಿಟ್ಟಿದ್ದರೆ ಪ್ರಬಂಧವು ಯಾವ ವಿಚಾರಸಂಕಿರಣದಲ್ಲೂ ಮಂಡನೆಗೆ ಅರ್ಹವಾಗುತ್ತಿರಲಿಲ್ಲ. ಪ್ರತಿಪಾದಿಸುವ ವಾದ ಮಾತ್ರ ಒಂದೇ: ಒಂದು ಪ್ರಾಣಿಯ ಜೊತೆ ಬಾಳಲು ಕಾಯಿಲೆಯ ಪತ್ರ ಕೇಳುವವರು, ಅದನ್ನು ಬರೆದುಕೊಡುವವರು, ಅದನ್ನು ಹಿಡಿದು ಓಡಾಡುವವರು ಮೂವರೂ ಸೇರಿ ಕೊನೆಗೆ ಬಲಪಡಿಸುವುದು ಗೇಟು ಹಾಕಿದವನ ಅಧಿಕಾರವನ್ನೇ.

ಮ.ಭಾ.ಪ. ಪರಿಕಲ್ಪನೆಯ ಉಗಮಸ್ಥಾನ ಅಮೆರಿಕ. ಅಲ್ಲಿನ ಫೇರ್ ಹೌಸಿಂಗ್ ಆಕ್ಟ್‌ಗೆ 1988ರಲ್ಲಿ ತಿದ್ದುಪಡಿಯಾಗಿ, ಅಂಗವೈಕಲ್ಯವುಳ್ಳ ಬಾಡಿಗೆದಾರರಿಗಾಗಿ ಮನೆಯ ನಿಯಮಗಳನ್ನು ಸಡಿಲಿಸಬೇಕೆಂದಾಯಿತು. ಆಸರೆಯ ಪ್ರಾಣಿ ಸಾಕುಪ್ರಾಣಿಯೇ ಅಲ್ಲ, ಆದ್ದರಿಂದ ‘ಸಾಕುಪ್ರಾಣಿ ಬೇಡ’ ಎಂಬ ಷರತ್ತು ಅದಕ್ಕೆ ತಾಗುವುದಿಲ್ಲ ಎಂಬುದು ಅದರ ತರ್ಕ. ಉದ್ದೇಶ ಒಳ್ಳೆಯದೇ. ಆದರೆ ಮುಚ್ಚಿದ ಬಾಗಿಲಿಗೆ ಪತ್ರವೊಂದು ಬೀಗದ ಕೈಯಾದ ಮೇಲೆ ಬೀಗದ ಕೈ ಮಾರುವವರು ಹುಟ್ಟಿಕೊಳ್ಳದಿರುತ್ತಾರೆಯೇ? ನಾಲ್ಕು ಪ್ರಶ್ನೆಗೆ ಉತ್ತರಿಸಿ ಹಣ ಕಟ್ಟಿದವರಿಗೆಲ್ಲ ಆನ್‌ಲೈನಿನಲ್ಲಿ ಪ್ರಮಾಣಪತ್ರ ಸಿಗತೊಡಗಿತು. 2018ರಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ನವಿಲೊಂದು ಇದೇ ಹೆಸರಿನಲ್ಲಿ ಬಂದು, ವಿಮಾನ ಹತ್ತಲಾಗದೆ ವಾಪಸಾಯಿತು. 2020ರ ಜನವರಿಯಲ್ಲಿ ಅಲ್ಲಿನ ವಸತಿ ಇಲಾಖೆ ಹೊರಡಿಸಿದ ಮಾರ್ಗಸೂಚಿ, ಹಣಕ್ಕೆ ಸಿಗುವ ಇಂಥ ಪತ್ರಗಳಷ್ಟೇ ಸಾಲವು ಎಂದಿತು. 2022ರಿಂದ ಕ್ಯಾಲಿಫೋರ್ನಿಯಾದಲ್ಲಿ ನಾಯಿಗಾಗಿ ಪತ್ರ ಬರೆಯುವ ಮೊದಲು ವೈದ್ಯರಿಗೂ ದುಃಖಿಗೂ ಕನಿಷ್ಠ 30 ದಿನಗಳ ಪರಿಚಯವಿರಬೇಕೆಂದು ಕಾನೂನಾಯಿತು. ನಮ್ಮ ವಿಶೇಷ ವಿವಾಹ ಕಾಯಿದೆಯಡಿ ಮದುವೆಗೆ ಮುನ್ನ ನೀಡುವ ನೋಟಿಸಿನ ಅವಧಿಯೂ ಅಷ್ಟೇ. ನಮ್ಮ ಸಂಶೋಧನೆಗೆ ಅತಿ ಮುಖ್ಯವಾದದ್ದು 2020ರ ಮಾರ್ಗಸೂಚಿಯ ಇನ್ನೊಂದು ಅಂಶ. ಅದರಲ್ಲಿ ಆಮೆ ಮನೆಯ ಸಾಮಾನ್ಯ ಪ್ರಾಣಿಯಾಗಿತ್ತು. ಕೊಟ್ಟಿಗೆಯ ಪ್ರಾಣಿಗಳು, ಮಂಗ ಮತ್ತು ಕಾಂಗರೂ ಆಗಿರಲಿಲ್ಲ. ತೊಗರ್ಸಿಯ ಹೋರಿಯನ್ನು ಕಾಂಗರೂವಿನ ಪಂಕ್ತಿಯಲ್ಲಿ ಕೂರಿಸಿದ ಈ ವರ್ಗೀಕರಣಕ್ಕೆ ಶಿರಾಳಕೊಪ್ಪದ ಸಂತೆಯಲ್ಲಿ ಯಾವ ಬೆಲೆ ಸಿಗಬಹುದೆಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ ವಿಷಯ.

ಈ ಪತ್ರದ ಸಂಸ್ಕೃತಿ ಈಗ ಇಲ್ಲಿಗೂ ಬರುತ್ತಿದೆ, ಅದೂ ಕಾನೂನನ್ನು ಅಲ್ಲೇ ಬಿಟ್ಟು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ, ಮಾನಸಿಕ ಕಾಯಿಲೆಯೂ ಅದರಲ್ಲಿದೆ, ಮ.ಭಾ.ಪ. ಮಾತ್ರ ಎಲ್ಲೂ ಇಲ್ಲ. ಹಾಗೆ ನೋಡಿದರೆ ಸ್ವಂತ ಫ್ಲ್ಯಾಟಿನಲ್ಲಿರುವವರಿಗೆ ಅದರ ಅಗತ್ಯವೂ ಇಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಫೆಬ್ರುವರಿಯ ಮಾರ್ಗಸೂಚಿಯ ಪ್ರಕಾರ, ನಿವಾಸಿಗಳ ಬಹುಮತವಿದ್ದರೂ ಸಂಘವೊಂದು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಬೊಗಳುವುದನ್ನೇ ನೆಪ ಮಾಡುವಂತಿಲ್ಲ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಅಂಥ ನಿಷೇಧದ ನಿಯಮಗಳು ನಿಲ್ಲವೆಂದಿತು. ಜೀವಿಗಳ ಮೇಲೆ ದಯೆ ಸಂವಿಧಾನದ 51ಎ ವಿಧಿ ಹೇಳುವ ಮೂಲಭೂತ ಕರ್ತವ್ಯ. ಅದನ್ನು ಪಾಲಿಸಲು ಖಿನ್ನತೆ ಇರಬೇಕೆಂಬ ಷರತ್ತು ಅಲ್ಲಿಲ್ಲ. ಆರೋಗ್ಯವಂತನೂ ನಾಯಿ ಸಾಕಬಹುದು ಎಂಬ ಈ ಸರಳ ನಿಲುವನ್ನು ಬಿಟ್ಟು, ರೋಗಿಯಾದರೆ ಮಾತ್ರ ಸಾಕಬಹುದು ಎಂಬ ಕನಿಷ್ಠ ದರ್ಜೆಯ ಹಕ್ಕನ್ನು ಆಮದು ಮಾಡಿಕೊಳ್ಳುವುದು ಯಾವ ಪ್ರಗತಿಯೋ ತಿಳಿಯದು.

ಆದರೂ ಶಿಸ್ತಿಗಾಗಿ ಅರ್ಜಿದಾರರ ದುಃಖವನ್ನು ಐದು ವಿಧವಾಗಿ ವಿಂಗಡಿಸಲಾಗಿದೆ. ಮೊದಲನೆಯದು ಪೂರ್ವಪ್ರಾಣಿಕ ದುಃಖ: ಪ್ರಾಣಿ ಇನ್ನೂ ಬಂದಿಲ್ಲ, ಮನೆ ಮಾತ್ರ ಸಿಕ್ಕಿದೆ. ಎರಡನೆಯದು ಉತ್ತರಪ್ರಾಣಿಕ ದುಃಖ: ಪ್ರಾಣಿ ಬಂದಿದೆ, ಮನೆ ಹೋಗಿದೆ. ಮೂರನೆಯದು ಉಭಯಸಂಕಟಾತ್ಮಕ ದುಃಖ. ಇದರಲ್ಲಿ ಅರ್ಜಿದಾರನು ನಾಯಿಯಿಲ್ಲದೆ ಬದುಕಲಾರದಷ್ಟು ಅಸ್ವಸ್ಥನೂ, ನಾಯಿಯನ್ನು ದಿನಕ್ಕೆರಡು ಸಲ ಸುತ್ತಾಡಿಸುವಷ್ಟು ಸ್ವಸ್ಥನೂ, ತಿಂಗಳ ಬಾಡಿಗೆ ತಪ್ಪಿಸದಷ್ಟು ಸುಸ್ವಸ್ಥನೂ ಆಗಿರುವುದನ್ನು ಏಕಕಾಲಕ್ಕೆ ಸಾಬೀತುಪಡಿಸಬೇಕು. ನಾಲ್ಕು ಮತ್ತು ಐದನೆಯವು ಮೂರನೆಯದರಲ್ಲೇ ಕರಗಿಹೋಗಿರುವುದರಿಂದ ವಿಂಗಡಣೆಯನ್ನು ಇಲ್ಲಿಗೇ ಬಿಡುತ್ತೇವೆ.

ಐತಿಹಾಸಿಕ ಪುರಾವೆಗೆ ಬರೋಣ. ಮದ್ದೂರು ಸೀಮೆಯ ಆತಕೂರಿನ ಶಾಸನ, ಕಾಲ 949ರ ಆಸುಪಾಸು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಟಾಯಿತು. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ಗಂಗ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರವನ್ನು ಕೊಟ್ಟ ವಿಷಯವೂ ಇದೆ. ತೊಗರ್ಸಿ, ಬಳ್ಳಿಗಾವೆಗಳ ಸೀಮೆ ಅದರೊಳಗೇ ಬರುತ್ತದೆ. ಸಾಮ್ರಾಜ್ಯದ ಹಂಚಿಕೆಯೂ ನಾಯಿಯ ಸಾವೂ ಒಂದೇ ಕಲ್ಲಿನಲ್ಲಿ ಸಮನಾಗಿ ಕೂತಿವೆ, ಮಣಲೇರನಿಗೆ ಯುದ್ಧಾನಂತರದ ಮಾನಸಿಕ ಆಘಾತವಿತ್ತೆಂಬ ವೈದ್ಯಪತ್ರವನ್ನು ಯಾರೂ ಲಗತ್ತಿಸಿಲ್ಲ. ಇನ್ನು ಬಳ್ಳಿಗಾವೆಯ ಕೋಡಿಯ ಮಠ. 1162ರ ಶಾಸನ ಆ ಕಾಳಾಮುಖ ಮಠವನ್ನು ವಿವರಿಸುವಾಗ ವೇದಾಧ್ಯಯನ, ವ್ಯಾಕರಣಗಳ ಜೊತೆಗೆ ಕುರುಡರು, ಕುಂಟರು, ಕಿವುಡರು, ದಿಕ್ಕಿಲ್ಲದವರಿಗೆ ಅನ್ನ ಸಿಗುವ ಜಾಗ, ಅನಾಥ ರೋಗಿಗಳಿಗೆ ಮದ್ದು ಸಿಗುವ ಜಾಗ, ಸಕಲ ಜೀವಿಗಳಿಗೂ ಅಭಯವಿರುವ ಜಾಗ ಎಂದು ಎಣಿಸುತ್ತಾ ಹೋಗುತ್ತದೆ. ರೋಗಿಯೂ ಪ್ರಾಣಿಯೂ ಒಂದೇ ವಾಕ್ಯದಲ್ಲಿ ಬಂದರೂ ಒಬ್ಬರು ಮತ್ತೊಬ್ಬರಿಗೆ ಜಾಮೀನು ನಿಲ್ಲಬೇಕಾಗಿರಲಿಲ್ಲ. ಪಕ್ಕದ ಉಡುತಡಿಯ ಅಕ್ಕಮಹಾದೇವಿ ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನೇ ಚೆನ್ನಮಲ್ಲಿಕಾರ್ಜುನನ ದಾರಿ ಕೇಳಿದವಳು. ಇಂದು ಅವಳು ಅರ್ಜಿ ಹಾಕಿದ್ದರೆ ಐದು ಪ್ರತ್ಯೇಕ ಪತ್ರ ಬೇಕಾಗುತ್ತಿತ್ತು. ನವಿಲಿಗೆ ಅರಣ್ಯ ಇಲಾಖೆಯ ತಕರಾರು ಬೇರೆ. ಐದೆಂದು ಎಣಿಸಿದ್ದು ಚೆನ್ನಮಲ್ಲಿಕಾರ್ಜುನನನ್ನೂ ಸೇರಿಸಿ. ಅವನೂ ಅನುಮತಿಯಿಲ್ಲದ ಅತಿಥಿಯೇ.

ಆಕ್ಷೇಪಗಳಿವೆ, ಅವು ಹಗುರವಲ್ಲ. ನಾಯಿ ಕಚ್ಚುತ್ತದೆ, ರೇಬೀಸ್ ಬಂದರೆ ಮನುಷ್ಯ ಬಹುತೇಕ ಉಳಿಯುವುದಿಲ್ಲ, ಪಕ್ಕದ ಮನೆಯ ಮಗುವಿಗೆ ಬೆಕ್ಕಿನ ಕೂದಲು ಒಗ್ಗದಿರಬಹುದು. ಸರಿ, ಇವಕ್ಕೆ ಉತ್ತರ ಲಸಿಕೆಯ ಪತ್ರ, ಪಾಲಿಕೆಯ ಪರವಾನಗಿ, ಕುತ್ತಿಗೆಗೆ ಪಟ್ಟಿ, ಗಲೀಜು ಎತ್ತುವ ಮಾಲೀಕ. ಮಾಲೀಕನ ಮನಸ್ಸಿನ ರೋಗಪತ್ರ ನಾಯಿಯ ಹಲ್ಲನ್ನು ಮೊಂಡು ಮಾಡುವುದಿಲ್ಲ. ಎರಡನೆಯ ಆಕ್ಷೇಪ: ಮನೆ ಮಾಲೀಕನದು, ಯಾರಿಗೆ ಕೊಡಬೇಕೆಂಬುದು ಅವನ ಇಷ್ಟ. ನಿಜ, ಮಂಡಳಿಯ ಮಾರ್ಗಸೂಚಿ ಸಂಘಗಳನ್ನು ಕಟ್ಟಿಹಾಕುತ್ತದೆಯೇ ಹೊರತು, ಹನ್ನೊಂದು ತಿಂಗಳ ಕರಾರಿಗೆ ಸಹಿ ಮಾಡಿಸುವವನ ಇಷ್ಟವನ್ನಲ್ಲ. ಮೂರನೆಯದೇ ಗಟ್ಟಿಯಾದದ್ದು: ಊರೇನು ಸ್ವರ್ಗವೇ? ಕೊಬ್ಬರಿ ಕಟ್ಟಿ, ಬಲೂನು ಕಟ್ಟಿ ಓಡಿಸುವ ಶಿಕಾರಿಪುರ–ಸೊರಬದ ಹೋರಿ ಹಬ್ಬದಲ್ಲಿ ಹೋರಿಯೂ ನಲುಗುತ್ತದೆ, ಹಿಡಿಯಹೋದವರ ಪ್ರಾಣವೂ ಹೋಗಿದೆ. ಊರ ನಾಯಿಗೆ ಸಿಗುವುದು ಅಂಗಳದ ಮುದ್ದೆ, ಜೊತೆಗೆ ಕಲ್ಲೇಟು. ಒಪ್ಪಬೇಕಾದ ಮಾತು. ಅದಕ್ಕಿಂತ ಕೆಟ್ಟದ್ದನ್ನೂ ಒಪ್ಪಬೇಕು: ಹಳೆಯ ಮನೆಗಳಲ್ಲಿ ಅದೇ ಸೂರಿನಡಿ ದನಕ್ಕೆ ಜಾಗವಿತ್ತು, ಆ ದನ ಮೇಯಿಸಿದವನಿಗೆ, ಕೊಟ್ಟಿಗೆಯ ಸಗಣಿ ಬಾಚಿದವಳಿಗೆ ಹೊಸ್ತಿಲೊಳಗೆ ಹೆಜ್ಜೆಯಿಡಲು ಬಿಡುತ್ತಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ಪಾರಿಭಾಷಿಕ ಪದಗಳ ಆಟ ಸಾಕೆನಿಸುತ್ತದೆ. ‘ಸಾಕುಪ್ರಾಣಿ ಬೇಡ’ ಎಂಬ ಫಲಕ ಒಂಟಿಯಾಗಿ ನೇತಾಡುವುದಿಲ್ಲ. ಅದರ ಪಕ್ಕದಲ್ಲೇ ‘ಸಸ್ಯಾಹಾರಿಗಳಿಗೆ ಮಾತ್ರ’, ‘ಕುಟುಂಬದವರಿಗೆ ಮಾತ್ರ’ ಎಂಬವೂ ಇರುತ್ತವೆ. ಬರೆಯದೆ ಬಾಯಲ್ಲೇ ಕೇಳುವ ‘ನೀವು ಯಾವ ಪೈಕಿ?’ ಎಂಬುದೂ ಇರುತ್ತದೆ. ಹಳ್ಳಿಯ ಹೊಸ್ತಿಲನ್ನೇ ಕಿತ್ತುತಂದು ಲಿಫ್ಟಿನ ಬಾಗಿಲಿಗೆ ಜೋಡಿಸಿದ್ದಾರೆ, ಅಷ್ಟೇ. ಜಾತಿ ಕೇಳಿ ಬಾಗಿಲು ಮುಚ್ಚಿಸಿಕೊಂಡವನಿಗೆ ಯಾವ ಮನೋವೈದ್ಯ ಯಾವ ಪತ್ರ ಕೊಟ್ಟಾನು? ನಾಯಿಯ ವಿಷಯಕ್ಕಾದರೂ ಒಂದು ಫಾರಂ ಉಂಟು ಎನ್ನುವವರಿಗೆ ನಾಚಿಕೆಯಾಗಬೇಕು. ಪತ್ರ ತಂದವನನ್ನು ಒಳಗೆ ಬಿಟ್ಟು, ತಾನು ಕರುಣಾಳುವೆಂದು ಬೀಗುವ ಮಾಲೀಕ ಉಳಿದ ಮೂರನ್ನು ಮುಟ್ಟುವುದೇ ಇಲ್ಲ.

ಕಡೆಗೆ ಅರ್ಹತೆಯ ಪರೀಕ್ಷೆ. ಮಗನ ನೌಕರಿಯ ಹಿಂದೆ ತೊಗರ್ಸಿಯ ಮನೆಗೆ ಬೀಗ ಹಾಕಿ, ಜೋಡಿ ಎತ್ತು ಮಾರಿ, ಎಂಟನೆಯ ಮಹಡಿಗೆ ಬಂದು ಕೂತ ರೈತನೊಬ್ಬನನ್ನು ಊಹಿಸಿಕೊಳ್ಳಿ. ಇಂಥವರು ಬೆಂಗಳೂರಿನಲ್ಲಿ ವಿರಳರಲ್ಲ. ಬೆಳಗಿನ ಜಾವ ಹುಲ್ಲು ಹಾಕಲು ಎದ್ದ ದೇಹಕ್ಕೆ ಆ ಹೊತ್ತಿಗೆ ಈಗಲೂ ಎಚ್ಚರವಾಗುತ್ತದೆ, ಮಾಡಲು ಕೆಲಸವಿರುವುದಿಲ್ಲ. ನಿದ್ದೆಯಿಲ್ಲ ಎಂದರೆ ಮಾತ್ರೆ ಬರೆದುಕೊಡುತ್ತಾರೆ. ಎತ್ತು ಕೊಟ್ಟ ಮೇಲೆ ಊಟ ಸೇರುತ್ತಿಲ್ಲ ಎಂದರೆ ವಯಸ್ಸಾಯಿತು ಎನ್ನುತ್ತಾರೆ. ಒಂದು ಬೆಕ್ಕಿನ ಮರಿ ತರೋಣವೇ ಎಂದು ಅವನು ಮಗನನ್ನು ಕೇಳಬಹುದು. ಮಗ ಕರಾರುಪತ್ರದ ಷರತ್ತುಗಳನ್ನು ಓದಿ ಹೇಳುತ್ತಾನೆ, ಮುಂಗಡ ಹಣ ಮುರಿದುಕೊಳ್ಳುತ್ತಾರೆ ಎಂದೂ ಸೇರಿಸುತ್ತಾನೆ. ಅಪ್ಪ ಇನ್ನೊಮ್ಮೆ ಕೇಳುವುದಿಲ್ಲ.