ತಿದ್ದುವ ಗುಂಡಿ ಎಲ್ಲಿದೆ ಸ್ವಾಮಿ?

ನಿಮ್ಮ ಹೊಲದಲ್ಲಿ ಏನು ಬೆಳೆದಿದೆ ಎಂಬುದು ನಿಮಗೆ ಗೊತ್ತಿಲ್ಲ. ಗೊತ್ತಿದೆ ಅಂದುಕೊಂಡಿದ್ದರೆ ಅದು ನಿಮ್ಮ ಭ್ರಮೆ. ಗೊತ್ತಿರುವುದು ಸರ್ವರ್‌ಗೆ.

ಕುಣಿಗಲ್ ಕಡೆ ರಾಗಿ ಬಿತ್ತಿದ್ದೀರಿ. ಕಳೆ ಕಿತ್ತಿದ್ದೀರಿ. ಕೊಯ್ದು, ಕಣ ಮಾಡಿ, ಚೀಲ ತುಂಬಿದ್ದೀರಿ. ಖರೀದಿ ಕೇಂದ್ರದಲ್ಲಿ ಚೀಲ ಬಿಚ್ಚುವ ಮಾತು ಆಮೇಲೆ. ಮೊದಲು ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ಕೊಟ್ಟ ರೈತ ನೋಂದಣಿ ಸಂಖ್ಯೆ. ಕಂಪ್ಯೂಟರ್ ಮುಂದೆ ಕೂತವರು ತಲೆ ಎತ್ತದೆ ಹೇಳುತ್ತಾರೆ: 'ಬೆಳೆ ಸಮೀಕ್ಷೆಯಲ್ಲಿ ನಿಮ್ಮದು ಪಾಳು ಅಂತಿದೆ ಯಜಮಾನ್ರೇ.'

ಪಾಳು ಬಿದ್ದ ನೆಲದಿಂದ ಈ ರಾಗಿ ಹೇಗೆ ಬಂತು? ಆ ಪ್ರಶ್ನೆಗೆ ಅಲ್ಲಿ ಕಲಂ ಇಲ್ಲ.

2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು. ಅದು ರಾಗಿ ಬೆಳೆದವರಿಗೆ ಇರುವ ಬೆಲೆ ಎಂದು ಪತ್ರಿಕೆಗಳು ಬರೆದವು. ತಪ್ಪು. ಅದು ದಾಖಲೆಯಲ್ಲಿ ರಾಗಿ ಇರುವವರಿಗೆ ಇರುವ ಬೆಲೆ.

2020ರ ಮುಂಗಾರಿನಲ್ಲಿ ಸರ್ಕಾರ ಈ ಬೆಳೆ ಸಮೀಕ್ಷೆಗೆ ರೈತರ ಕೈಗೇ ಆ್ಯಪ್ ಕೊಟ್ಟಿತು. 'ನನ್ನ ಬೆಳೆ ನನ್ನ ಹಕ್ಕು' ಅಂತ ಘೋಷಣೆ ಬೇರೆ. ನಿಮ್ಮ ಹೊಲದಲ್ಲಿ ನೀವೇ ನಿಂತು, ನೀವೇ ಫೋಟೊ ತೆಗೆದು, ನೀವೇ ಸೇರಿಸಿ. ಚೆನ್ನಾಗಿತ್ತು. ಆದರೆ ಸ್ಮಾರ್ಟ್‌ಫೋನ್ ಇಲ್ಲದವರು? ಸಿಗ್ನಲ್ ಸಿಗದವರು? ಅವರ ತಾಕುಗಳಿಗೆ 'ಖಾಸಗಿ ನಿವಾಸಿ' ಬರುತ್ತಾರೆ. ಊರಿನದೇ ಹುಡುಗ. ತಾಕಿಗೆ ಇಷ್ಟು ಅಂತ ಕೂಲಿ. ತಾಕು ಹೆಚ್ಚಿದಷ್ಟೂ ದುಡ್ಡು. ಬದುವಿನ ಮೇಲೆ ನಿಂತು ಎರಡು ಫೋಟೊ ಹೊಡೆದು ಮುಂದಿನ ನಂಬರಿಗೆ ಹೊರಟರೆ ಅವನನ್ನು ಬೈಯುವುದು ಹೇಗೆ? ವ್ಯವಸ್ಥೆಯೇ ಅವನಿಗೆ ಓಡು ಅಂದಿದೆ, ನೋಡು ಅಂದಿಲ್ಲ.

ಗುಬ್ಬಿ ತಾಲ್ಲೂಕಿನ ಒಂದು ತೋಟಕ್ಕೆ ಬನ್ನಿ. ಮೇಲೆ ತೆಂಗು. ನಡುವೆ ಅಡಿಕೆ. ಸಂದಿಯಲ್ಲಿ ಬಾಳೆ. ಅಡಿಕೆಗೆ ಹಬ್ಬಿದ ಮೆಣಸು. ಪಕ್ಕದ ಖುಷ್ಕಿಯಲ್ಲಿ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ನಮ್ಮ ಅಜ್ಜಂದಿರು ಮಳೆಯನ್ನು ನಂಬದೆ ಕಂಡುಕೊಂಡ ವಿಮೆ ಅದು. ಒಂದು ಕೈಕೊಟ್ಟರೆ ಇನ್ನೊಂದು. ಅದಕ್ಕೆ ಪ್ರೀಮಿಯಂ ಇರಲಿಲ್ಲ, ಪೋರ್ಟಲ್ಲೂ ಇರಲಿಲ್ಲ.

ಈಗ ಇದನ್ನೆಲ್ಲ ಫೋನಿಗೆ ತುಂಬಿಸಬೇಕು. ಇಲ್ಲಿ ತಂತ್ರಾಂಶದ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ಎಲ್ಲದಕ್ಕೂ 'ಸಿಸ್ಟಮ್ ಬಿಡ್ತಿಲ್ಲ ಸಾರ್' ಎಂಬ ಉತ್ತರವನ್ನು ನಾವು ನಂಬಿಕೊಂಡು ಕೂತಿದ್ದೇವೆ.

ಮೊಬೈಲ್ ನಕ್ಷೆಯಲ್ಲಿ ಕಾಣುವುದು ಹೊಲದ ಆಕಾರ ಮಾತ್ರ. ಅದರ ಹಿಂದೆ ಒಂದು ಕೋಷ್ಟಕ ಇರುತ್ತದೆ. ಒಂದು ಹೊಲಕ್ಕೆ ಎಷ್ಟು ಬೆಳೆಯ ದಾಖಲೆ ಬೇಕಾದರೂ ಕಟ್ಟಬಹುದು: ತೆಂಗಿಗೆ ಒಂದು, ಅಡಿಕೆಗೆ ಒಂದು, ಬಾಳೆಗೆ ಒಂದು. ಹೊಲವನ್ನೂ ಈ ದಾಖಲೆಗಳನ್ನೂ ಜೋಡಿಸಿ ಹಿಡಿದಿಡುವುದು ಒಂದು ಗುರುತಿನ ಸಂಖ್ಯೆ. ಹೊಲವನ್ನು ಬೆರಳಿಂದ ಮುಟ್ಟಿದರೆ ದಾಖಲೆಗಳು ತೆರೆದುಕೊಳ್ಳಬೇಕು. ತಪ್ಪಿದ್ದನ್ನು ಒತ್ತಿ ತಿದ್ದಬೇಕು. ಇದೇನು ಚಂದ್ರಯಾನವಲ್ಲ. ಕ್ಯೂಫೀಲ್ಡ್ ಎಂಬ ಪುಕ್ಕಟೆ ಆ್ಯಪ್ ಮಾಡುತ್ತದೆ. ಎಸ್ರಿ ಕಂಪನಿಯ ಫೀಲ್ಡ್ ಮ್ಯಾಪ್ಸ್ ಮಾಡುತ್ತದೆ. ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ತಿದ್ದಿ, ಸಿಗ್ನಲ್ ಸಿಕ್ಕಿದ ಮೇಲೆ ಸೇರಿಸಬಹುದು. ಯಾರು, ಯಾವಾಗ ತಿದ್ದಿದರು ಎಂಬುದನ್ನು ಬರೆದಿಡುವ ವ್ಯವಸ್ಥೆಯನ್ನೂ ಜೊತೆಗೆ ಮಾಡಿಕೊಳ್ಳಬಹುದು.

ಹಾಗಾದರೆ ತಿದ್ದಲು ಬಿಡದಿರುವುದು ಸಿಸ್ಟಮ್ ಅಲ್ಲ. ಸಿಸ್ಟಮ್ಮಿಗೆ ಬೀಗ ಹಾಕಿದವರು.

ತಪ್ಪು ಮಾಡಲು ಎಲ್ಲರಿಗೂ ಅವಕಾಶ ಉಂಟು. ಖಾಸಗಿ ನಿವಾಸಿ ಮಾಡಬಹುದು. ಮೇಲ್ವಿಚಾರಕ ಫೋಟೊ ನೋಡದೆ ಒಪ್ಪಿಗೆ ಒತ್ತಬಹುದು. ತಿದ್ದಲು ಮಾತ್ರ ನೀವು ಆಕ್ಷೇಪಣೆ ಸಲ್ಲಿಸಬೇಕು. ಅದೂ ಅವಧಿಯ ಒಳಗೆ. 'ಬೆಳೆ ದರ್ಶಕ್' ಆ್ಯಪ್ ಇಳಿಸಿಕೊಂಡು, ಸರ್ವೆ ನಂಬರ್ ಹಾಕಿ, ನಿಮ್ಮ ಹೊಲದಲ್ಲಿ ಜೋಳ ಬೆಳೆದಿದೆ ಎಂಬ ಹೊಸ ಸುದ್ದಿಯನ್ನು ಓದಿ, ಆಕ್ಷೇಪಣೆ ಬರೆಯಬೇಕು. ಫೋನ್ ಇಲ್ಲವೆಂದೇ ಯಾರ ಹೊಲಕ್ಕೆ ಬೇರೆಯವರನ್ನು ಕಳಿಸಿದ್ದರೋ, ಆ ರೈತನಿಗೇ ಆ್ಯಪ್‌ನಲ್ಲಿ ಆಕ್ಷೇಪಿಸು ಎನ್ನುತ್ತಾರೆ. ಇದನ್ನು ಯೋಚಿಸಿದವರಿಗೆ ಯಾರಾದರೂ ರಾಜ್ಯೋತ್ಸವ ಪ್ರಶಸ್ತಿ ಕೊಡಿಸಿ.

ಅವಧಿ ಮುಗಿದ ಮೇಲೆ ನೆನಪಾಯಿತೇ? ಕೃಷಿ ಇಲಾಖೆಯವರು ಕಂದಾಯದವರನ್ನು ಕೇಳಿ ಎನ್ನುತ್ತಾರೆ. ಕಂದಾಯದವರು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎನ್ನುತ್ತಾರೆ. ತೆಂಗಾದರೆ ತೋಟಗಾರಿಕೆ, ಹಿಪ್ಪುನೇರಳೆಯಾದರೆ ರೇಷ್ಮೆ. ಹೊಲ ಒಂದೇ, ಯಜಮಾನರು ನಾಲ್ವರು. ನಾಲ್ವರೂ ಒಪ್ಪುವ ಮಾತು ಒಂದೇ: 'ಬೆಂಗಳೂರಲ್ಲಿ ಲಾಕ್ ಆಗಿದೆ.'

ಇದರ ಬೆಲೆ ರಾಗಿಯ ಚೀಲಕ್ಕೆ ಮುಗಿಯುವುದಿಲ್ಲ. ನೆಲಗಡಲೆಗೆ ವಿಮೆ ಕಟ್ಟಿಸಿಕೊಳ್ಳುವಾಗ ಯಾರೂ ನಿಮ್ಮನ್ನು ಸಂಶಯದಿಂದ ನೋಡುವುದಿಲ್ಲ. ಪ್ರೀಮಿಯಂ ಹಣಕ್ಕೆ ಸಂಶಯ ಬರುವುದಿಲ್ಲ. ಮಳೆ ಕೈಕೊಟ್ಟು ಪರಿಹಾರ ಕೇಳಿದಾಗ ಮಾತ್ರ, ಸಮೀಕ್ಷೆಯ ಬೆಳೆಗೂ ವಿಮೆಯ ಬೆಳೆಗೂ ತಾಳೆಯಾಗುತ್ತಿಲ್ಲ ಎಂಬ ಸತ್ಯ ಹೊರಬೀಳುತ್ತದೆ. 2023ರ ಬರ ನೆನಪಿದೆಯಲ್ಲ? ರಾಜ್ಯದ 223 ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಯಿತು. ಪರಿಹಾರದ ಮೊದಲ ಕಂತು ಗರಿಷ್ಠ 2,000 ರೂಪಾಯಿ. ಆ 2,000ಕ್ಕೂ ಫ್ರೂಟ್ಸ್‌ನಲ್ಲಿ ಹೆಸರಿರಬೇಕಿತ್ತು, ಪಹಣಿ ಜೋಡಣೆಯಾಗಿರಬೇಕಿತ್ತು. ಬರಕ್ಕೆ ಇಷ್ಟೆಲ್ಲ ದಾಖಲೆ ಬೇಕಿರಲಿಲ್ಲ. ಅದು ನೇರ ಹೊಲಕ್ಕೇ ಬಂದಿತ್ತು.

ಪಹಣಿ ಅಂದಕೂಡಲೇ ಇನ್ನೊಂದು ರಗಳೆ. ಅಪ್ಪ ತೀರಿಕೊಂಡು ವರ್ಷಗಳಾಗಿವೆ, ಒಂಬತ್ತನೇ ಕಲಂನಲ್ಲಿ ಇನ್ನೂ ಅವರದೇ ಹೆಸರು. ಪೌತಿ ಖಾತೆ ಆಗಿಲ್ಲ. ಸತ್ತವರಿಗೆ ಫ್ರೂಟ್ಸ್ ಐಡಿ ಮಾಡಿಸಲಾಗದು, ಬದುಕಿರುವ ಮಗನಿಗೆ ಪಹಣಿ ಇಲ್ಲ. ಪೋಡಿ ಆಯಿತು ಅನ್ನಿ. ಸಂತೋಷಪಡಬೇಡಿ. ಹೊಲ ಎರಡಾಗಿ ಹೊಸ ಹಿಸ್ಸಾ ನಂಬರ್ ಹುಟ್ಟುತ್ತದೆ. ಕೋಷ್ಟಕದ ಕೊಂಡಿಯನ್ನು ಹೊಸದಾಗಿ ಕಟ್ಟದಿದ್ದರೆ ಹಳೆಯ ಬೆಳೆ, ಹಳೆಯ ಸಾಲ ಎಲ್ಲ ತಬ್ಬಲಿ ಕರುವಿನ ಹಾಗೆ ಹಳೆ ನಂಬರಿನ ಬಾಗಿಲಲ್ಲೇ ನಿಂತಿರುತ್ತವೆ. ಪಹಣಿಯಲ್ಲಿ ಬಿದ್ದ ಎಷ್ಟೋ ತಪ್ಪು ತಿದ್ದಿಸಲು ಭೂಕಂದಾಯ ಕಾಯ್ದೆಯ 136ನೇ ಕಲಂ ಹಿಡಿದುಕೊಂಡು ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ. ಗುಬ್ಬಿಯವರೂ, ಕುಣಿಗಲ್‌ನವರೂ ಅದಕ್ಕೆ ಬಸ್ ಹತ್ತಿ ತುಮಕೂರಿಗೆ ಬರಬೇಕು. ದಾಖಲೆಯಲ್ಲಿ ಹುಟ್ಟಿದ ತಪ್ಪು ಕೆಎಸ್‌ಆರ್‌ಟಿಸಿಯಲ್ಲಿ ಓಡಾಡುತ್ತದೆ.

ಹಿಂದೆ ಶಾನುಭೋಗರಿದ್ದರು. ಲೇಖನಿ ಅವರ ಕೈಲಿ, ನಮ್ಮ ಜುಟ್ಟೂ ಅವರ ಕೈಲಿ. ಆ ವಂಶಪಾರಂಪರ್ಯ ಹುದ್ದೆ 1963ರಲ್ಲಿ ಹೋಯಿತು. ಗ್ರಾಮ ಲೆಕ್ಕಿಗರು ಬಂದರು. ಕೈಬರಹದ ಪಹಣಿಯ ಕೈಚಳಕ ತಡೆಯಲು ಈ ಶತಮಾನದ ಹೊಸ್ತಿಲಲ್ಲಿ 'ಭೂಮಿ' ಯೋಜನೆ ಬಂತು, ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರ್ ಸೇರಿದವು. ಜಗತ್ತು ಹೊಗಳಿತು, ನಾವೂ ಹೊಗಳಿದೆವು. ಹೊಗಳಬೇಕಾದ ಕೆಲಸವೇ. ಆದರೆ ಶಾನುಭೋಗರ ಮನೆ ಯಾವುದೆಂದು ಊರಿಗೆ ಗೊತ್ತಿತ್ತು. ಈ ಸರ್ವರ್‌ನ ಮನೆ ಎಲ್ಲಿದೆ?

ಈಗ ಗ್ರಾಮ ಆಡಳಿತ ಅಧಿಕಾರಿ ಎನಿಸಿಕೊಂಡ ಆ ಲೆಕ್ಕಿಗರನ್ನೇ ಕೇಳೋಣ ಅಂದರೆ ಅವರದು ಇನ್ನೊಂದು ಗೋಳು. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದುದ್ದಕ್ಕೂ ಮುಷ್ಕರ ಹೂಡಿದರು. ಹತ್ತಾರು ಆ್ಯಪ್ ಹೇರಿದ್ದೀರಿ, ಕೆಲಸಕ್ಕೆ ತಕ್ಕ ಸಲಕರಣೆ ಕೊಟ್ಟಿಲ್ಲ ಎಂಬುದು ದೂರು. ದಾಖಲೆ ಬರೆಯುವವರೇ ಬೀದಿಯಲ್ಲಿ ಕೂತರು. ಮರುದಿನವೂ ಸಚಿವಾಲಯದ ಪರದೆಯಲ್ಲಿ ನಕ್ಷೆ ಹಸಿರಾಗಿಯೇ ಇದ್ದಿರಬೇಕು.

ತುಮಕೂರು ನಗರದವರು ನಗಬೇಡಿ. ನಿಮ್ಮದು 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು. ಈಗ ಇ-ಖಾತೆ ಇಲ್ಲದೆ ನಿವೇಶನದ ನೋಂದಣಿಯಿಲ್ಲ. ಅದರಲ್ಲಿ ನಿಮ್ಮ ಹೆಸರಿನ ಒಂದು ಕೊಂಬು ತಪ್ಪಿದರೆ ಸಾಕು, ರೈತ ನಿಂತ ಸಾಲಿನಲ್ಲೇ ನೀವೂ ನಿಲ್ಲುತ್ತೀರಿ.

ದೆಹಲಿಗೂ ಈ ರುಚಿ ಹತ್ತಿದೆ. 2024ರ ಸೆಪ್ಟೆಂಬರ್ 2ರಂದು ಕೇಂದ್ರ ಸಂಪುಟ 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. ದೇಶಕ್ಕೆಲ್ಲ ಬೆಳೆ ಸಮೀಕ್ಷೆ, ರೈತನಿಗೊಂದು ಐಡಿ. ಕೋಟಿಗಳನ್ನು ಎಣಿಸಿದವರು ಒಂದು ಚಿಕ್ಕ ಗುಂಡಿಯನ್ನೂ ಎಣಿಸಲಿ: ತಪ್ಪಾದರೆ ತಿದ್ದುವುದು. ರೈತ ಫೋಟೊ ಸಮೇತ ತಿದ್ದಲಿ, ಅಧಿಕಾರಿ ಒಪ್ಪಲಿ, ಒಪ್ಪದಿದ್ದರೆ ಕಾರಣ ಬರೆಯಲಿ, ಇಬ್ಬರ ಹೆಸರೂ ದಿನಾಂಕವೂ ದಾಖಲೆಯಲ್ಲಿರಲಿ.

ಅದು ಬರುವ ತನಕ, ಗುಬ್ಬಿ–ಕುಣಿಗಲ್‌ನ ಬಂಧುಗಳೇ, ಪೈರು ಹೊಲದಲ್ಲಿರುವಾಗಲೇ ಮನೆಯ ಮಕ್ಕಳ ಕೈಲಿ ಬೆಳೆ ದರ್ಶಕ್ ತೆರೆಸಿ ನೋಡಿ. ತಪ್ಪಿದ್ದರೆ ಅಂದೇ ಆಕ್ಷೇಪಣೆ ಹಾಕಿಸಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೊಯ್ಲಾದ ಮೇಲೆ ನಿಮ್ಮ ರಾಗಿಗೆ ನೀವು ಸಾಕ್ಷಿಯಲ್ಲ.